ಸ್ಕೀ ಜಂಪಿಂಗ್: ಇಳಿಜಾರಿಗೆ ಅಂಟಿದಂತೆ ಒಂದು ಹಾರಾಟ

ಸ್ಕೀ ಜಂಪಿಂಗ್ ಚಳಿಗಾಲದ ಕ್ರೀಡೆ. ಕಡಿದಾದ ಜಾಡಿನಲ್ಲಿ ಜಾರಿ ಬಂದು, ಅದರ ತುದಿಯಿಂದ ಚಿಮ್ಮಿ, ಕಾಲಿಗೆ ಬಿಗಿದ ಎರಡು ಉದ್ದನೆಯ ಸ್ಕೀಗಳ ಮೇಲೆ ಗಾಳಿಯಲ್ಲಿ ತೇಲಿ, ಆದಷ್ಟು ದೂರದಲ್ಲಿ ಸೊಗಸಾಗಿ ನೆಲ ಮುಟ್ಟುವುದೇ ಇದರ ಸಾರ. ಇದರ ತವರು ನಾರ್ವೆ. ಅಲ್ಲಿನ ತ್ರಿಸಿಲ್‌ನಲ್ಲಿ 1862ರಲ್ಲೇ ಸ್ಪರ್ಧೆ ನಡೆದಿತ್ತು. 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಿಂದಲೂ ಇದು ಅದರ ಭಾಗ. ಮಹಿಳೆಯರಿಗೆ ಆ ಬಾಗಿಲು ತೆರೆಯಲು ಮಾತ್ರ 90 ವರ್ಷ ಬೇಕಾಯಿತು. 2014ರಲ್ಲಿ ರಷ್ಯಾದ ಸೋಚಿಯಲ್ಲಿ ಜರ್ಮನಿಯ ಕರೀನಾ ಫೋಗ್ಟ್ ಮೊದಲ ಚಿನ್ನ ಗೆದ್ದರು.

ಈ ಆಟದ ಅಳತೆ ಮನಸ್ಸಿಗೆ ಬರಬೇಕಾದರೆ ದೆಹಲಿಯ ಪೀತಮ್‌ಪುರದ ಟಿ.ವಿ. ಗೋಪುರವನ್ನು ನೆನೆಯಬಹುದು. 1988ರಲ್ಲಿ ಪೂರ್ಣಗೊಂಡ ಆ ಗೋಪುರದ ಎತ್ತರ 235 ಮೀಟರ್. ಸ್ಲೊವೇನಿಯಾದ ನಿಕಾ ಪ್ರೆವ್ಟ್ಸ್ 2025ರ ಮಾರ್ಚ್‌ನಲ್ಲಿ ನಾರ್ವೆಯ ವಿಕೆರ್‌ಸುಂಡ್‌ನಲ್ಲಿ 236 ಮೀಟರ್ ಹಾರಿ ಮಹಿಳೆಯರ ವಿಶ್ವದಾಖಲೆ ಬರೆದರು. ಗೋಪುರವನ್ನು ಬುಡದಿಂದ ತುದಿಯವರೆಗೆ ನೆಲಕ್ಕೆ ಮಲಗಿಸಿದರೂ ಅವರು ಅದನ್ನು ದಾಟಿ ಒಂದು ಮೀಟರ್ ಮುಂದೆ ಇಳಿಯುತ್ತಿದ್ದರು. ಅದೇ ತಿಂಗಳ 30ರಂದು ಅವರ ಅಣ್ಣ ಡೊಮೆನ್ ಪ್ರೆವ್ಟ್ಸ್ ತಮ್ಮದೇ ದೇಶದ ಪ್ಲಾನಿಟ್ಸಾದಲ್ಲಿ 254.5 ಮೀಟರ್ ಹಾರಿದರು.

ಆದರೆ ಇದು ಗೋಪುರದ ಮೇಲಿಂದ ಧುಮುಕಿದಂತಲ್ಲ. ಹಾರುವವರು ಹೆಚ್ಚಿನ ಹೊತ್ತು ನೆಲದಿಂದ ಕೆಲವೇ ಮೀಟರ್ ಮೇಲಿರುತ್ತಾರೆ. ಅವರು ಕೆಳಗಿಳಿದಂತೆಲ್ಲ ಇಳಿಜಾರೂ ಅವರ ಜೊತೆಗೇ ಬಾಗುತ್ತ ಹೋಗುತ್ತದೆ. ಕೆರೆಯ ನೀರಿಗೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲು ಮುಳುಗದೆ ನೀರನ್ನು ಸವರಿಕೊಂಡು ಸಾಗುವಂತೆ, ಸ್ಕೀಗಳು ಇಳಿಜಾರನ್ನು ಓರೆಯಾಗಿ ಸವರುತ್ತ ನೆಲ ಸೇರುತ್ತವೆ. ಹಾರಾಟದ ದಾರಿಗೂ ನೆಲಕ್ಕೂ ನಡುವಿನ ಕೋನ ಕಿರಿದಾಗಿರುವವರೆಗೆ ಮೊಣಕಾಲು ಆ ಪೆಟ್ಟನ್ನು ತಾಳಿಕೊಳ್ಳುತ್ತದೆ. ಅತಿ ದೂರ ಹಾರಿದವರ ಪಾಲಿಗೆ ಇಳಿಜಾರು ಮುಗಿದು ಸಮತಟ್ಟು ಎದುರಾಗುತ್ತದೆ. ಅಲ್ಲಿ ಅದೇ ವೇಗ ನೇರವಾಗಿ ಕಾಲಿಗೆ ಅಪ್ಪಳಿಸುತ್ತದೆ. ಗೆಲುವಿಗೆ ಬೇಕಾದ ದೂರವೇ ಒಂದು ಗೆರೆ ದಾಟಿದ ಮೇಲೆ ಅಪಾಯವಾಗುತ್ತದೆ. ಈ ಕ್ರೀಡೆಯ ಬಹುಪಾಲು ನಿಯಮಗಳು ಹುಟ್ಟಿದ್ದು ಆ ಗೆರೆಯ ಕಾವಲಿಗೆ.

ಸ್ಪರ್ಧಿ ಜಾಡಿನ ನೆತ್ತಿಯಲ್ಲಿ ಒಂದು ಅಡ್ಡಪಟ್ಟಿಯ ಮೇಲೆ ಕೂತಿರುತ್ತಾನೆ. ಎದುರಿಗೆ ಕೆಂಪು, ಹಳದಿ, ಹಸಿರು ದೀಪ. ಕೆಳಗೆ ಚಿಮ್ಮುವ ತುದಿಯ ಪಕ್ಕದಲ್ಲಿ ಬಾವುಟ ಹಿಡಿದ ತರಬೇತುದಾರ. ಹಸಿರು ಬಿದ್ದು ಬಾವುಟ ಇಳಿದ ಕ್ಷಣ ಪಟ್ಟಿ ಬಿಟ್ಟು ಜಾರಿದರೆ ಹಿಂದಿರುಗುವ ಮಾತಿಲ್ಲ. ಕುಕ್ಕರಗಾಲಿನಲ್ಲಿ ಮೈಯನ್ನು ಮುದುಡಿಕೊಂಡು ದೊಡ್ಡ ಬೆಟ್ಟದಲ್ಲಿ ಗಂಟೆಗೆ ಸುಮಾರು 90 ಕಿ.ಮೀ. ವೇಗ ಪಡೆಯುತ್ತಾರೆ. ಸ್ಕೀ ಫ್ಲೈಯಿಂಗ್ ಎಂಬ ಅತಿ ದೊಡ್ಡ ಬೆಟ್ಟಗಳ ಸ್ಪರ್ಧೆಯಲ್ಲಿ ಅದು 100 ದಾಟುತ್ತದೆ. ತುದಿಯಲ್ಲಿ ಕಾಲು ಚಾಚಿ ಚಿಮ್ಮಲು ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ನೋಡುವವರಿಗೆ ಮೇಲ್ಮುಖವಾಗಿ ಕಂಡರೂ ಆ ತುದಿ ನಿಜಕ್ಕೂ ಹತ್ತು ಡಿಗ್ರಿಗಳಷ್ಟು ಕೆಳಮುಖವಾಗಿರುತ್ತದೆ.

ಗಾಳಿಗೆ ಬಿದ್ದ ಮೇಲೆ ಮೈಯೇ ರೆಕ್ಕೆ. ಸ್ಪರ್ಧಿ ಸ್ಕೀಗಳ ಮೇಲೆ ಮುಂದಕ್ಕೆ ಬಾಗಿ ಹೆಚ್ಚುಕಡಿಮೆ ಮಲಗಿಬಿಡುತ್ತಾನೆ. ಹಿಂದೆ ಎರಡೂ ಸ್ಕೀಗಳನ್ನು ಜೋಡಿಸಿ ಹಿಡಿಯುವುದೇ ವಾಡಿಕೆಯಾಗಿತ್ತು. ಸ್ವೀಡನ್ನಿನ ಯಾನ್ ಬೊಕ್ಲೋವ್ 1980ರ ದಶಕದಲ್ಲಿ ಅವುಗಳ ಮುಂತುದಿಗಳನ್ನು ಅಗಲಿಸಿ ಇಂಗ್ಲಿಷಿನ ‘ವಿ’ ಅಕ್ಷರದಂತೆ ಹಿಡಿದರು. ಗಾಳಿಯ ಆಸರೆ ಹೆಚ್ಚಿತು, ದೂರವೂ ಹೆಚ್ಚಿತು. ತೀರ್ಪುಗಾರರು ಮಾತ್ರ ಶೈಲಿ ಕೆಟ್ಟಿತೆಂದು ಅಂಕ ಕಡಿದರು. ಹಾಗಿದ್ದೂ ಬೊಕ್ಲೋವ್ 1988–89ರ ವಿಶ್ವಕಪ್ ಗೆದ್ದರು. ಕೆಲವೇ ವರ್ಷಗಳಲ್ಲಿ ಎಲ್ಲರೂ ಅದೇ ಭಂಗಿಗೆ ಬಂದರು.

ಅಂಕ ನೀಡುವ ಕ್ರಮ ಹೀಗಿದೆ. ಪ್ರತಿ ಬೆಟ್ಟಕ್ಕೂ ‘ಕೆ ಬಿಂದು’ ಎಂಬ ಗುರುತಿದೆ. 120 ಮೀಟರಿಗೆ ಆ ಗುರುತಿರುವ ದೊಡ್ಡ ಬೆಟ್ಟದಲ್ಲಿ ಸರಿಯಾಗಿ ಅಲ್ಲಿಗೆ ಇಳಿದವರಿಗೆ 60 ಅಂಕ, ಮುಂದಿನ ಪ್ರತಿ ಮೀಟರಿಗೆ 1.8 ಅಂಕ. ಅಂದರೆ 130 ಮೀಟರಿಗೆ 78. ಐವರು ತೀರ್ಪುಗಾರರು ಶೈಲಿಗೆ ತಲಾ 20ರವರೆಗೆ ಕೊಡಬಹುದು. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡುತ್ತಾರೆ. ನೆಲ ಮುಟ್ಟುವಾಗ ಒಂದು ಪಾದ ಮುಂದೆ, ಇನ್ನೊಂದು ಹಿಂದೆ, ಮೊಣಕಾಲು ಮಡಿಸಿ, ಕೈ ಚಾಚಿ ನಿಲ್ಲಬೇಕು. ನಾರ್ವೆಯ ಪ್ರಾಂತ್ಯವೊಂದರ ಹೆಸರಿನಲ್ಲಿ ಇದನ್ನು ಟೆಲಿಮಾರ್ಕ್ ಎನ್ನುತ್ತಾರೆ. ಇದು ತಪ್ಪಿದರೆ ಅಂಕ ಹೋಗುತ್ತದೆ.

ಗಾಳಿಯ ಲೆಕ್ಕ ಬೇರೆಯೇ ಇದೆ. ಎದುರುಗಾಳಿ ಸ್ಪರ್ಧಿಯನ್ನು ಎತ್ತಿ ಹಿಡಿಯುತ್ತದೆ, ಹಿಂದಿನಿಂದ ಬೀಸಿದರೆ ಕೆಳಕ್ಕೆ ತಳ್ಳುತ್ತದೆ. 2009ರಿಂದ ಗಾಳಿಯನ್ನು ಅಳೆದು ಅಂಕ ಕೂಡುವ, ಕಳೆಯುವ ಪದ್ಧತಿ ಬಂದಿದೆ. ಸ್ಪರ್ಧಿಗಳು ಅಪಾಯಕರವಾಗಿ ದೂರ ಹಾರತೊಡಗಿದರೆ ಅಧಿಕಾರಿಗಳು ಕೂರುವ ಪಟ್ಟಿಯನ್ನು ಕೆಳಗಿಳಿಸಿ ವೇಗ ತಗ್ಗಿಸುತ್ತಾರೆ.

ಇಷ್ಟೆಲ್ಲ ಕಾವಲಿದ್ದರೂ ಬೀಳುವುದು ತಪ್ಪಿಲ್ಲ. ಒಂದು ಸ್ಕೀ ಗಾಳಿಯ ಆಸರೆ ಕಳೆದುಕೊಂಡರೆ ಸಾಕು, ಮೈ ಆ ಕಡೆಗೆ ಮಗುಚುತ್ತದೆ. 1952ರಲ್ಲಿ ಆಸ್ಟ್ರಿಯಾದ ಬಿಷೋಫ್ಸ್‌ಹೋಫನ್‌ನಲ್ಲಿ ಬಿದ್ದ ಪೌಲ್ ಔಸರ್‌ಲೈಟ್ನರ್ ಕೆಲ ದಿನಗಳಲ್ಲಿ ತೀರಿಕೊಂಡರು. ಆ ಬೆಟ್ಟ ಇಂದು ಅವರ ಹೆಸರಿನಲ್ಲಿದೆ. 1970ರಲ್ಲಿ ಜರ್ಮನಿಯ ಓಬರ್ಸ್ಟ್‌ಡೋರ್ಫ್‌ನಲ್ಲಿ ವಿಂಕೊ ಬೊಗತಾಯ್ ಜಾಡಿನ ತುದಿಯಲ್ಲೇ ಆಯತಪ್ಪಿ ಉರುಳಿದ ದೃಶ್ಯವನ್ನು ಅಮೆರಿಕದ ಟಿ.ವಿ. ವರ್ಷಗಟ್ಟಲೆ ತೋರಿಸಿತು. ಅಷ್ಟು ಭೀಕರವಾಗಿ ಕಂಡರೂ ಅವರಿಗಾದದ್ದು ತಲೆಗೆ ಸಣ್ಣ ಪೆಟ್ಟು ಮಾತ್ರ. ಲ್ಯೂಕಾಸ್ ಮ್ಯುಲರ್ ಅವರಿಗೆ ಆ ಅದೃಷ್ಟ ಇರಲಿಲ್ಲ. 2016ರ ಜನವರಿಯಲ್ಲಿ ಆಸ್ಟ್ರಿಯಾದ ಕುಲ್ಮ್‌ನಲ್ಲಿ, ಸ್ಪರ್ಧೆಗೆ ಮೊದಲು ಜಾಡು ಪರೀಕ್ಷಿಸಲು ಹಾರುವವರಾಗಿ ಇಳಿದಿದ್ದ ಅವರು ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಸೇರಿದರು. ನಾರ್ವೆಯ ಡೇನಿಯಲ್ ಆಂಡ್ರೆ ಟಾಂಡೆ 2021ರ ಮಾರ್ಚ್‌ನಲ್ಲಿ ಪ್ಲಾನಿಟ್ಸಾದಲ್ಲಿ ಬಿದ್ದು, ವೈದ್ಯರು ಅವರನ್ನು ಕೆಲ ದಿನ ಕೃತಕ ಕೋಮಾದಲ್ಲಿ ಇರಿಸಬೇಕಾಯಿತು. ಮರುವರ್ಷ ಅದೇ ತಿಂಗಳಲ್ಲಿ ಅವರು ಓಸ್ಲೊದಲ್ಲಿ ವಿಶ್ವಕಪ್ ಸ್ಪರ್ಧೆ ಗೆದ್ದರು.

ಕಣ್ಣಿಗೆ ಬೀಳದ ಅಪಾಯ ಊಟದ ತಟ್ಟೆಯಲ್ಲಿತ್ತು. ಹಗುರವಾದವರು ಹೆಚ್ಚು ದೂರ ತೇಲುತ್ತಾರೆ. ಹಾಗಾಗಿ ಹಸಿದುಕೊಂಡೇ ಮೈ ಇಳಿಸುವ ಚಾಳಿ ಬೆಳೆಯಿತು. 2004ರಲ್ಲಿ ಇದಕ್ಕೆ ಕಡಿವಾಣ ಬಿತ್ತು. ಸ್ಕೀಯ ಉದ್ದ ಸ್ಪರ್ಧಿಯ ಎತ್ತರದ ಶೇ. 145ರವರೆಗೆ ಇರಬಹುದು, ಆದರೆ ಎತ್ತರಕ್ಕೆ ತಕ್ಕ ತೂಕವಿಲ್ಲದವರು ಸ್ಕೀಯನ್ನು ಮೊಟಕುಗೊಳಿಸಲೇಬೇಕು. ಉಡುಪಿನ ಮೇಲೂ ಕಣ್ಣಿದೆ, ಏಕೆಂದರೆ ಸಡಿಲ ಬಟ್ಟೆ ಹಾಯಿಯಂತೆ ಗಾಳಿ ಹಿಡಿಯುತ್ತದೆ. 2025ರಲ್ಲಿ ಟ್ರಾನ್ಹೈಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉಡುಪಿನ ಹೊಲಿಗೆಯಲ್ಲಿ ಕೈವಾಡ ಬಯಲಾಗಿ ಆತಿಥೇಯ ನಾರ್ವೆಯ ಸ್ಪರ್ಧಿಗಳೇ ಅನರ್ಹರಾದರು.

ಭಾರತದ ಹೆಸರು ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮೊದಲು ಕೇಳಿಬಂದದ್ದು 1964ರಲ್ಲಿ, ಜೆರೆಮಿ ಬುಜಕೋವ್ಸ್ಕಿ ಅವರಿಂದ. ಶಿವ ಕೇಶವನ್ ಲ್ಯೂಜ್‌ನಲ್ಲಿ, ಆರಿಫ್ ಖಾನ್ ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಮುಂದೆ ಬಂದರು. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸಿದ್ದಾರೆ. ಒಲಿಂಪಿಕ್ಸ್‌ನ ಸ್ಕೀ ಜಂಪಿಂಗ್ ಪಟ್ಟಿಯ ಮೇಲೆ ಮಾತ್ರ ಭಾರತೀಯರು ಇನ್ನೂ ಕೂತಿಲ್ಲ. ಹಿಮವೇ ಬೇಕೆಂದೇನೂ ಇಲ್ಲ. ಯುರೋಪಿನಲ್ಲಿ ಬೇಸಿಗೆಯಲ್ಲೂ ನೀರು ಚಿಮುಕಿಸಿದ ಹಸಿರು ಪ್ಲಾಸ್ಟಿಕ್ ಹಾಸಿನ ಮೇಲೆ ಸ್ಪರ್ಧೆಗಳು ನಡೆಯುತ್ತವೆ. ಅಲ್ಲಿನ ಮಕ್ಕಳು ಮೊದಲ ಬಾರಿ ಪಟ್ಟಿ ಬಿಟ್ಟು ಜಾರುವುದು ಹತ್ತು, ಇಪ್ಪತ್ತು ಮೀಟರಿನ ಪುಟ್ಟ ದಿಬ್ಬಗಳಿಂದ.