ಲಿನಕ್ಸ್ ಸರ್ವರ್ ಉನ್ನತೀಕರಣ: ಡಿಸ್ಕ್ ನಿಯಂತ್ರಕಗಳ ಚಾಲಕ ತಂತ್ರಾಂಶದ ಕ್ರಮ

ಎರಡು ಅಥವಾ ಹೆಚ್ಚು ಡಿಸ್ಕ್ ನಿಯಂತ್ರಕಗಳಿರುವ ಸರ್ವರ್‌ಗಳನ್ನು ಉನ್ನತೀಕರಿಸುವವರ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ.

ಕಾರಣ:
ಲಿನಕ್ಸ್ ಕರ್ನಲ್ ಡಿಸ್ಕ್‌ಗಳಿಗೆ ಅವು ಪತ್ತೆಯಾದ ಕ್ರಮದಲ್ಲಿ ಎಸ್‌ಡಿಎ, ಎಸ್‌ಡಿಬಿ ಎಂದು ಹೆಸರಿಡುತ್ತದೆ. ಚಾಲಕ ತಂತ್ರಾಂಶಗಳ ಕ್ರಮ ಬದಲಾದಲ್ಲಿ ಈ ಹೆಸರುಗಳೂ ಅದಲುಬದಲಾಗಬಹುದು. ಆಗ ಸರ್ವರ್ ಪ್ರಾರಂಭವಾಗದಿರಬಹುದು. ಹೆಸರನ್ನೇ ನಂಬಿ ಫಾರ್ಮ್ಯಾಟ್ ಮಾಡಿದಲ್ಲಿ ದತ್ತಾಂಶವಿರುವ ಡಿಸ್ಕ್ ಅಳಿಸಿಹೋಗುವ ಸಂಭವವಿರುತ್ತದೆ.

ಅನುಸರಿಸಬೇಕಾದ ಕ್ರಮಗಳು:
1. ದತ್ತಾಂಶದ ಪ್ರತಿಯನ್ನು ಬೇರೆಡೆ ತೆಗೆದಿರಿಸಿ, ಅದು ಓದಲು ಬರುವುದೆಂದು ಖಚಿತಪಡಿಸಿಕೊಳ್ಳತಕ್ಕದ್ದು.
2. ಬಿಎಲ್‌ಕೆಐಡಿ ಆದೇಶದ ಮೂಲಕ ಪ್ರತಿ ವಿಭಾಗದ ಯುಯುಐಡಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು.
3. ಎಫ್‌ಎಸ್‌ಟ್ಯಾಬ್ ಕಡತದಲ್ಲಿಯೂ ಬೂಟ್ ಲೋಡರ್‌ನ ರೂಟ್ ನಮೂದಿನಲ್ಲಿಯೂ ಡಿಸ್ಕ್ ಹೆಸರಿನ ಬದಲು ಯುಯುಐಡಿ ನಮೂದಿಸತಕ್ಕದ್ದು.
4. ಮೂಲ ಡಿಸ್ಕ್‌ನ ನಿಯಂತ್ರಕಕ್ಕೆ ಬೇಕಾದ ಚಾಲಕವು ಹೊಸ ಕರ್ನಲ್‌ನ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಸೇರಿದೆಯೇ ಎಂದು ಪರಿಶೀಲಿಸತಕ್ಕದ್ದು. ಇಲ್ಲದಿದ್ದಲ್ಲಿ ಸೇರಿಸಿ, ರೆಡ್ ಹ್ಯಾಟ್ 6 (2010) ಮತ್ತು ನಂತರದ ಆವೃತ್ತಿಗಳಲ್ಲಿ ಡ್ರಾಕಟ್ ಮೂಲಕ, ಡೆಬಿಯನ್‌ನಲ್ಲಿ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಮೂಲಕ ಪುನಃ ರಚಿಸತಕ್ಕದ್ದು.
5. ಹಳೆಯ ಕರ್ನಲ್ ಅನ್ನು ಬೂಟ್ ಪಟ್ಟಿಯಲ್ಲಿ ಉಳಿಸಿಕೊಂಡೇ ಸರ್ವರ್ ಅನ್ನು ಮರುಪ್ರಾರಂಭಿಸತಕ್ಕದ್ದು.

ವಿಶೇಷ ಸೂಚನೆ:
ರೆಡ್ ಹ್ಯಾಟ್ 5 (2007) ಆವೃತ್ತಿಯಲ್ಲಿ ಚಾಲಕಗಳ ಕ್ರಮವನ್ನು ಮಾಡ್‌ಪ್ರೋಬ್.ಕಾನ್ಫ್ ಕಡತದ ಸ್ಕಸಿ ಹೋಸ್ಟ್ ಅಡಾಪ್ಟರ್ ಸಾಲುಗಳು ನಿರ್ಧರಿಸುತ್ತಿದ್ದವು. ಸಾಲುಗಳನ್ನು ತಿದ್ದಿದ ನಂತರ ಎಂಕೆಇನಿಟ್‌ಆರ್‌ಡಿ ಚಲಾಯಿಸದಿದ್ದಲ್ಲಿ ತಿದ್ದುಪಡಿಯು ಜಾರಿಗೆ ಬರುವುದಿಲ್ಲ. ಕ್ರಮವನ್ನು ಸರಿಪಡಿಸುವುದು ತಾತ್ಕಾಲಿಕ ಪರಿಹಾರವಾಗಿದ್ದು, ಯುಯುಐಡಿ ಬಳಕೆಯೇ ಶಾಶ್ವತ ಪರಿಹಾರವಾಗಿರುತ್ತದೆ.