ಪುಕ್ಕಟೆ ಬೇರೆ, ಮುಕ್ತ ಬೇರೆ: ಗಣಕದಲ್ಲಿ ಎರಡು ಭಾಷೆಗಳ ಕಥೆ



ಗಣಕದಲ್ಲಿ ತಾಯ್ನುಡಿ ಎಂದೊಡನೆ ನಮಗೆ ನೆನಪಾಗುವುದು ಬೆಂಗಳೂರು. ಆದರೆ ನಾವು ದುಡಿಯಲು ಬಂದಿರುವ ಈ ಕುವೈತಿಗೂ ಆ ವಿಷಯದಲ್ಲಿ ದೊಡ್ಡ ಇತಿಹಾಸವಿದೆ.

1982ರಲ್ಲಿ ಕುವೈತಿನ ಉದ್ಯಮಿ ಮೊಹಮ್ಮದ್ ಅಲ್ ಶಾರೇಖ್ 'ಅಲ್ ಆಲಮಿಯಾ' ಎಂಬ ಕಂಪನಿ ಕಟ್ಟಿದರು. ಅದು ಮಾರುಕಟ್ಟೆಗೆ ತಂದ ಮನೆಬಳಕೆಯ ಗಣಕದ ಹೆಸರು 'ಸಖ್ರ್', ಎಂದರೆ ಬಂಡೆ. 1983ರಲ್ಲಿ ರೂಪುಗೊಂಡ ಎಂಎಸ್‌ಎಕ್ಸ್ ಮಾದರಿಯ ಜಪಾನಿ ಯಂತ್ರಗಳಿಗೆ ಅರಬ್ಬಿ ಕಲಿಸಿ, ಟಿ.ವಿ.ಗೆ ಜೋಡಿಸಿ ಬಳಸುವಂತೆ ಮಾಡಿದ್ದರು. ಅರಬ್ಬಿಯ ಸಾಲು ಬಲದಿಂದ ಎಡಕ್ಕೆ ಓಡುತ್ತದೆ. ಪದದಲ್ಲಿ ನಿಂತ ಜಾಗಕ್ಕೆ ತಕ್ಕಂತೆ ಅಕ್ಷರದ ರೂಪವೇ ಬದಲಾಗುತ್ತದೆ. ಒತ್ತಕ್ಷರ, ಕಾಗುಣಿತಗಳೊಡನೆ ಗುದ್ದಾಡಿದ ನಮಗೆ ಆ ಕಷ್ಟ ಬೇಗ ಅರ್ಥವಾದೀತು. ಮುಕ್ತ ತಂತ್ರಾಂಶದ ಸ್ವಯಂಸೇವಕರು ಅರಬ್ಬಿಗೆ ಇಲ್ಲದ ಆ ಕಾಲದಲ್ಲಿ ಈ ಕೆಲಸಕ್ಕೆ ಬಂಡವಾಳ ಹಾಕಿದ್ದು ಒಂದು ವಾಣಿಜ್ಯ ಸಂಸ್ಥೆ. ಅದನ್ನು ಮರೆಯುವಂತಿಲ್ಲ. ಅಲ್ ಶಾರೇಖ್ ಅವರಿಗೆ 2021ರಲ್ಲಿ ಕಿಂಗ್ ಫೈಸಲ್ ಪ್ರಶಸ್ತಿ ಬಂತು. 2024ರಲ್ಲಿ ಅವರು ತೀರಿಕೊಂಡರು.

ಆದರೆ 'ಬಂಡೆ'ಯೂ ಕರಗಿತು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತಿನ ಮೇಲೆ ದಾಳಿ ಮಾಡಿದ ಮೇಲೆ ಸಂಸ್ಥೆಯ ಕೆಲಸ ಕೈರೋಗೆ ಸಾಗಿತು. ಅಷ್ಟರಲ್ಲಿ ಪಿ.ಸಿ.ಗಳು ಎಲ್ಲೆಡೆ ಹರಡಿ ಎಂಎಸ್‌ಎಕ್ಸ್ ಯುಗವೂ ಮುಗಿಯುತ್ತ ಬಂದಿತ್ತು. ಸಂಸ್ಥೆ ಹೊಸ ಗಣಕಗಳಿಗೆ ತಂತ್ರಾಂಶ ಬರೆಯತೊಡಗಿತು. ಹಳೆಯ ಯಂತ್ರಕ್ಕೆಂದೇ ಮಾಡಿದ ಕಾರ್ಯಕ್ರಮಗಳು ಮಾತ್ರ ಆ ಯಂತ್ರದೊಡನೆಯೇ ಮೂಲೆ ಸೇರಿದವು. 2001ರಲ್ಲಿ 'ಅರಬ್‌ಐಸ್' ಎಂಬ ಸ್ವಯಂಸೇವಕರ ಬಳಗ ಲಿನಕ್ಸ್‌ಗೆ ಅರಬ್ಬಿ ಕಲಿಸಲು ಹೊರಟಿತು. ಇವರ ದಾರಿ ಬೇರೆ: ಮೂಲ ಸಂಕೇತ ಎಲ್ಲರ ಮುಂದೆ ತೆರೆದಿರಬೇಕು, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸುವಂತಿರಬೇಕು.

ಈಗ ನಮ್ಮ ಕಥೆಗೆ ಬರೋಣ. ಕನ್ನಡದಲ್ಲಿ ಮೊದಲು ಮುದ್ರಣಾಲಯಗಳನ್ನು ಹೊಕ್ಕಿದ್ದು ಪುಣೆಯ ಮಾಡ್ಯುಲರ್ ಸಂಸ್ಥೆಯ 'ಶ್ರೀಲಿಪಿ'ಯಂಥ, ದುಡ್ಡು ಕೊಟ್ಟು ಕೊಳ್ಳಬೇಕಾದ ತಂತ್ರಾಂಶಗಳು. ಸಾಮಾನ್ಯರ ಮನೆಯ ಗಣಕಕ್ಕೆ ಕನ್ನಡ ತಂದದ್ದು 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದ 'ಬರಹ'. ಹೊರನಾಡಿನಲ್ಲಿ ಕುಳಿತು ಊರಿಗೆ ಕನ್ನಡದಲ್ಲೇ ಪತ್ರ ಬರೆದ ಆ ಸುಖವನ್ನು ಬಲ್ಲವರೇ ಬಲ್ಲರು! ಬೆನ್ನಿಗೇ ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ 'ನುಡಿ'ಯನ್ನು ರೂಪಿಸಿತು. ಅದರಲ್ಲಿದ್ದುದು ಕೆ.ಪಿ.ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆ. ಎರಡೂ ಪುಕ್ಕಟೆಯಾಗಿ ಕೈಗೆ ಸಿಕ್ಕವು.

ಇಲ್ಲೇ ಒಂದು ಸೂಕ್ಷ್ಮವಿದೆ. ಪುಕ್ಕಟೆ ಬೇರೆ, ಮುಕ್ತ ಬೇರೆ. ಪುಕ್ಕಟೆ ಎಂದರೆ ಬೆಲೆ ಇಲ್ಲ, ಅಷ್ಟೆ. ಮುಕ್ತ ಎಂದರೆ ಒಳಗಿನ ರಚನೆಯನ್ನು ನೋಡಲು, ತಿದ್ದಲು, ಹಂಚಲು ಎಲ್ಲರಿಗೂ ಹಕ್ಕು. 'ಬರಹ' ಮುಂದೆ ಹಣ ಕೊಟ್ಟು ಕೊಳ್ಳುವ ತಂತ್ರಾಂಶವಾಯಿತು. ಅದು ಮಾಡಿದವರ ಹಕ್ಕು, ತಪ್ಪೇನಲ್ಲ. ತೊಡಕಿದ್ದದ್ದು ಬೆಲೆಯಲ್ಲಲ್ಲ, ಅಕ್ಷರಗಳನ್ನು ಉಳಿಸುವ ಕ್ರಮದಲ್ಲಿ. ಆ ಕಾಲದ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದರು. ಗಣಕಕ್ಕೆ ಅದು ಕನ್ನಡವೆಂದೇ ಗೊತ್ತಿರಲಿಲ್ಲ. ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕವಿತೆಯೂ ಕಲಸುಮೇಲೋಗರ!

ಇದಕ್ಕೆ ಮದ್ದಾಗಿ ಬಂದದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ತನ್ನ 'ತುಂಗಾ' ಫಾಂಟಿನೊಡನೆ ಅದನ್ನು ಮನೆಮನೆಗೆ ತಂದಿತು. ಇದೂ ವಾಣಿಜ್ಯ ಕಂಪನಿಯದೇ ಕೆಲಸ, ಗಮನಿಸಿ. ಆದರೆ ಅಕ್ಷರಸಂಕೇತ ಎಲ್ಲರಿಗೂ ಒಂದೇ ಆದದ್ದರಿಂದ, ವಿಂಡೋಸ್‌ನಲ್ಲಿ ಬರೆದದ್ದನ್ನು ಲಿನಕ್ಸ್‌ನಲ್ಲೂ ಓದುವಂತಾಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಗ್ನೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳ ಮೆನುಗಳು ಕನ್ನಡ ಮಾತಾಡಿದವು. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನೂ ಕನ್ನಡದ ಹುಡುಗರು ಬರೆದು ಮುಕ್ತವಾಗಿ ಹಂಚಿದರು.

ಹಾಗಾದರೆ ದಿನಬಳಕೆಗೆ ಯಾವುದು ಮೇಲು? ದುಡ್ಡಿನದೋ, ಮುಕ್ತವಾದದ್ದೋ? ಇತಿಹಾಸ ಒಂದೇ ಪಕ್ಷ ವಹಿಸುವುದಿಲ್ಲ. ದಾರಿ ತೆರೆಯಲು ಹಲವು ಸಲ ವಾಣಿಜ್ಯವೇ ಮುಂದೆ ಬಂದಿದೆ. ಅಂಗಡಿ ಮುಚ್ಚಿದ ಮೇಲೂ ದಾರಿ ಉಳಿಯುವುದು ಅದು ಎಲ್ಲರದ್ದಾಗಿದ್ದರೆ ಮಾತ್ರ. ತಂತ್ರಾಂಶವನ್ನು ಬೇಕಾದವರಿಂದ ಕೊಳ್ಳೋಣ, ಬರಹವನ್ನು ಮಾತ್ರ ಯಾರ ಬೀಗದೊಳಗೂ ಇಡುವುದು ಬೇಡ.

ನಿಮ್ಮ ಹಳೆಯ ಸಿ.ಡಿ.ಗಳಲ್ಲಿ ಕಥೆ, ಕವನ, ನಾಟಕ, ಸ್ಮರಣ ಸಂಚಿಕೆಯ ಪುಟಗಳು ಮಲಗಿರಬಹುದು. ಈ ವಾರಾಂತ್ಯ ಒಮ್ಮೆ ತೆರೆದು ನೋಡಿ, ಯೂನಿಕೋಡಿಗೆ ತಂದಿಡಿ. ಸಿ.ಡಿ. ಓದುವ ಗಣಕಗಳೇ ಅಪರೂಪವಾಗುತ್ತಿವೆ!