ಶಾಸನಕ್ಕೆ ಅಡಿಟಿಪ್ಪಣಿ ಹಾಕುವುದು

ಇತಿಹಾಸದ ಪ್ರಬಂಧ ಬರೆಯುವುದಕ್ಕಿಂತ ಅದರ ಅಡಿಟಿಪ್ಪಣಿ ಸರಿಪಡಿಸುವುದೇ ದೊಡ್ಡ ಕೆಲಸ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಲೇಖಕ, ಕೃತಿ, ವರ್ಷ, ಪುಟ... ಪುಸ್ತಕಕ್ಕಾದರೆ ಸರಿ. ಕಲ್ಲಿಗೆ ಲೇಖಕ ಯಾರು?

ಹಾಗಾಗಿ ಶಾಸನದ ಸಂಖ್ಯೆ ಕೊಡುತ್ತೇವೆ. ತೊಡಕಿರುವುದು ಅಲ್ಲೇ. ಶ್ರವಣಬೆಳಗೊಳವನ್ನೇ ನೋಡಿ. 'ಎಪಿಗ್ರಾಫಿಯಾ ಕರ್ನಾಟಿಕಾ'ದ ಎರಡನೇ ಸಂಪುಟವನ್ನು ಬಿ. ಎಲ್. ರೈಸ್ ೧೮೮೯ರಲ್ಲಿ ತಂದಾಗ ಅದರಲ್ಲಿದ್ದದ್ದು ೧೪೪ ಶಾಸನ. ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ ೫೦೦ ಆಯಿತು. ಹೊಸವು ನಡುನಡುವೆ ಸೇರಿ ಹಳೆಯವುಗಳ ಸಂಖ್ಯೆ ಬದಲಾಯಿತು. ಚಾವುಂಡರಾಯ ಮಾಡಿಸಿದ ಎಂದು ಗೊಮ್ಮಟನ ಪಾದದ ಬಳಿ ಇರುವ ಕನ್ನಡ ಸಾಲು ರೈಸರಲ್ಲಿ ೭೬, ನರಸಿಂಹಾಚಾರ್ಯರಲ್ಲಿ ೧೭೫. ಪುಣ್ಯಾತ್ಮರು, ಹಳೆಯ ಸಂಖ್ಯೆಯನ್ನೂ ಕಂಸದಲ್ಲಿ ಕೊಟ್ಟರು! ೧೯೭೩ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಆವೃತ್ತಿ ಬಂದಾಗ ೫೭೩ ಶಾಸನ, ಮತ್ತೆ ಹೊಸ ಸಂಖ್ಯೆ.

ಈಗ ಯಾರಾದರೂ ಬರೀ 'ಎ.ಕ. ೨, ೭೬' ಅಂತ ಬರೆದರೆ? ೧೯೨೩ರ ಸಂಪುಟ ತೆರೆದವರಿಗೆ ಸಿಗುವುದು ಬೇರೆಯದೇ ಶಾಸನ. ಮೂಲ ನೋಡದೆ ಅದನ್ನೇ ಇನ್ನೊಬ್ಬರು ನಕಲು ಮಾಡಿದರಂತೂ ಮುಗಿಯಿತು, ಗೊಮ್ಮಟನ ಸಾಲು ಮತ್ಯಾವುದೋ ಬಂಡೆಯ ಮೇಲೆ ಹೋಗಿ ಕೂರುತ್ತದೆ. ನಾನಂತೂ ಆವೃತ್ತಿಯ ವರ್ಷ ಬಿಡುವುದಿಲ್ಲ. ಪತ್ರಿಕೆಯ ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲದಿದ್ದರೂ ಸರಿ, ಕಂಸ ಹಾಕಿ ಸೇರಿಸುತ್ತೇನೆ.